ಮಂಗಳವಾರದ ತಲೆಗಳು

ದುರ್ಗಿಗುಡಿಯ ಒಂದು ಅಡ್ಡರಸ್ತೆ,
ಹೊಲಿಗೆ ಮಷಿನ್ ರಿಪೇರಿ ಅಂಗಡಿಯ ಮಹಡಿ,
ಅಲ್ಲಿ ನಾಲ್ಕು ಮರದ ಪೆಟ್ಟಿಗೆ.
ಒಳಗೆ ಕೂತು ಬಾಗಿಲು ಹಾಕಿಸಿಕೊಂಡರೆ
ಹೊರಗೆ ಉಳಿಯುವುದು ತಲೆ ಮಾತ್ರ,
ಮೇಲೊಂದು ಒದ್ದೆ ಟವೆಲ್ಲು.
ಮೊದಲ ದಿನ ನಕ್ಕುಬಿಟ್ಟಿದ್ದೆ:
ಸಂತೆಯಲ್ಲಿ ಸಾಲಾಗಿಟ್ಟ ಕುಂಬಳಕಾಯಿ!

ಮಂಗಳವಾರ ನನಗೆ ರಜೆ.
ಉಳಿದ ಆರು ದಿನ ಹೊಸನಗರದ ಬಸ್ಸಿನಲ್ಲಿ
ಕಂಬಿಗೆ ಸೊಂಟ ಆನಿಸಿ ನಿಂತು
ಹೆಂಗಸರಿಗೆಲ್ಲ ಶೂನ್ಯ ಟಿಕೆಟ್ ಹರಿಯುತ್ತೇನೆ.
ಒಂದೊಂದು ತಿರುವಿಗೂ ಬೆನ್ನಿನ ಮಣಿಗಳು
ಚೀಲದ ಚಿಲ್ಲರೆಯಂತೆ ಅಲುಗುತ್ತವೆ.

ಕೆಳಗಿನ ಪಾತ್ರೆಯಲ್ಲಿ ಲಕ್ಕಿ ಸೊಪ್ಪು,
ಮೇಲೊಂದು ಹಿಡಿ ನೀಲಗಿರಿ.
ಹಬೆ ಮೊದಲು ಹಿಮ್ಮಡಿ ಮುಟ್ಟುತ್ತದೆ,
ಆಮೇಲೆ ಮೊಣಕಾಲ ಹಿಂದಿನ ಗುಳಿ,
ಆಮೇಲೆ
ಹೇಗಿದ್ದೀಯ ಎಂದು ಯಾರೂ ಕೇಳದ ಜಾಗಗಳು.

ಗೋಡೆಯ ಬೋರ್ಡು ಹೇಳುತ್ತದೆ: ದೇಹದ ವಿಷವೆಲ್ಲ ಹೊರಗೆ.
ಡಾಕ್ಟರು ನಕ್ಕಿದ್ದರು:
ವಿಷ ಅಲ್ಲಮ್ಮ, ಬರೀ ಉಪ್ಪುನೀರು.
ಹತ್ತು ನಿಮಿಷ ಸಾಕು, ತಲೆ ಸುತ್ತಿದರೆ ಎದ್ದುಬಿಡು,
ಬಿ.ಪಿ. ಮಾತ್ರೆ ಬಿಡಬೇಡ, ಮೇಲೆ ಚೆನ್ನಾಗಿ ನೀರು ಕುಡಿ.
ಇರಲಿ, ಉಪ್ಪುನೀರೇ ಹೋಗಲಿ.
ಮಂಗಳವಾರ ರಾತ್ರಿ ಮಾತ್ರ
ದಿಂಬಿಗೆ ತಲೆ ಇಟ್ಟದ್ದಷ್ಟೇ ನೆನಪು.

ಎಡಗಡೆ ಪೆಟ್ಟಿಗೆಯಲ್ಲಿ ಬೇಕರಿಯ ಮೆಹರುನ್ನೀಸಾ:
ಮೂವತ್ತು ವರ್ಷ ಒಲೆ ಮುಂದೆ ಪುಕ್ಕಟೆ ಬೆಂದೆ,
ಈಗ ದುಡ್ಡು ಕೊಟ್ಟು ಬೇಯ್ತಿದೀನಿ ನೋಡ್ರಿ!
ಬಲಗಡೆ ಸಿಸಿಲಿಯಾ ಟೀಚರು,
ಸೊಸೆಯ ಮೇಲಿನ ಸಿಟ್ಟು ಐದನೇ ನಿಮಿಷಕ್ಕೆ ಶುರು,
ಎಂಟನೇ ನಿಮಿಷಕ್ಕೆ ಮೆತ್ತಗಾಗಿ
ಅವಳು ಮಾಡುವ ಮೀನುಸಾರಿನ ಹೊಗಳಿಕೆ.
ಕುತ್ತಿಗೆಯಿಂದ ಕೆಳಗೆ ಯಾರು ದಪ್ಪ, ಯಾರು ಸಣ್ಣ,
ಯಾರ ಹೊಟ್ಟೆಯ ಮೇಲೆ ಎಷ್ಟು ಹೊಲಿಗೆ,
ಒಬ್ಬರಿಗೊಬ್ಬರದು ಗೊತ್ತಿಲ್ಲ.
ಅದಕ್ಕೇ ಇರಬೇಕು, ಬಾಯಿಗೆ ಇಷ್ಟು ಧೈರ್ಯ.

ಆದರೆ ಕೈ ಒಳಗಿರುತ್ತದೆ.
ಹಣೆಯ ಬೆವರು ಕಣ್ಣಿಗಿಳಿದರೆ,
ನೊಣ ಕೂತರೆ, ಮೂಗಿನ ತುದಿ ಕೆರೆದರೆ
ಹಾಲಮ್ಮ ಬರಬೇಕು.
ಕರೆಯುವ ಮೊದಲೇ ಬರುತ್ತಾಳೆ.
ಕಣ್ಣಿನ ಮೂಲೆ, ಮೇಲ್ತುಟಿ, ಕಿವಿಯ ಹಿಂದೆ,
ತೆಳ್ಳನೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ
ಒಂದು ಗುಟುಕು ಮುರುಗಲು ನೀರು ಕುಡಿಸುತ್ತಾಳೆ.
ಕೊನೆಯ ಸಲ ಹೀಗೆ ಯಾರು ನನ್ನ ಮುಖ ಒರೆಸಿದ್ದು
ಎಂದು ಯೋಚಿಸುತ್ತ
ಒಂದು ಮಂಗಳವಾರ ಸಮಯವೇ ಮುಗಿದಿತ್ತು.

ನಿನ್ನೆ, ಗೋಪಿ ಸರ್ಕಲ್‌ವರೆಗೆ ಹೋದವಳು ವಾಪಸ್ಸು ಬಂದೆ.
ಲೋಹ ಬಿಸಿಯಾಗುತ್ತದೆಂದು ಬಿಚ್ಚಿಟ್ಟ ಓಲೆ
ಸ್ಟೀಲ್ ಲೋಟದಲ್ಲೇ ಉಳಿದಿತ್ತು.
ಮೆಟ್ಟಿಲ ಲೈಟು ಆರಿತ್ತು, ಕೌಂಟರಿನಲ್ಲಿ ಯಾರೂ ಇಲ್ಲ.
ಒಳಗೆ, ನನ್ನ ಪೆಟ್ಟಿಗೆಯ ಮೇಲೆ
ಹಾಲಮ್ಮನ ತಲೆ.

ಮಷಿನ್ ಆಫಾಗಿತ್ತು.
ಹೊರಗಿನಿಂದ ಅಗುಳಿ ಹಾಕುವವರಿಲ್ಲದೆ
ಬಾಗಿಲಿಗೊಂದು ದಾರ ಕಟ್ಟಿ
ಎರಡೂ ಕೈಯಲ್ಲಿ ಒಳಗಿನಿಂದ ಎಳೆದು ಹಿಡಿದಿದ್ದಳು.
ಕಳ್ಳತನ ಸಿಕ್ಕಿಬಿದ್ದವಳ ಹಾಗೆ ನೋಡಿ,
"ಉಳಿದ ಬಿಸಿ ಕಣವ್ವ, ದಂಡ ಆಗಬಾರದು ಅಂತ.
ಮಂಡಿ ನೋವು" ಅಂದಳು.

ಅವಳ ಹುಬ್ಬಿನಿಂದ ಒಂದು ಹನಿ ಹೊರಟು
ಮೂಗಿನ ಪಕ್ಕ ಇಳಿಯುತ್ತಿತ್ತು.
ದಾರ ಬಿಟ್ಟರೆ ಬಿಸಿ ಹೋಗುತ್ತದೆ.
ಮೂಗು ಅಲ್ಲಾಡಿಸಿದಳು, ಮೊಲದ ಹಾಗೆ.

ಓಲೆ ಆಮೇಲೆ ಹುಡುಕಿದರಾಯಿತು.
ಗೂಟದಿಂದ ಅವಳದೇ ಬಟ್ಟೆ ತೆಗೆದುಕೊಂಡೆ.
ಅವಳು ಕಣ್ಣು ಮುಚ್ಚಿದಳು.

"ಸ್ವಲ್ಪ ಎಡಕ್ಕೆ" ಅಂದಳು.
"ಇನ್ನೂ ಮೇಲೆ.
ಹಾಂ, ಅಲ್ಲೇ."