ಬಳಕೆ ಪ್ರಮಾಣಪತ್ರ

ಮಾರ್ಚ್ ಇಪ್ಪತ್ತೊಂಬತ್ತು. ಕೋಡಿಬಾಗದಲ್ಲಿ ಕರೆಂಟಿಲ್ಲ.
ಕಾಳಿಯ ಅಳಿವೆಯಿಂದ ಬರುವ ಗಾಳಿಗೆ
ವೋಚರುಗಳು ಎದ್ದೆದ್ದು ಕೂರುತ್ತವೆ,
ಒಂದೊಂದರ ಮೇಲೂ ಒಂದೊಂದು ಚಿಪ್ಪು ಹೇರಿದ್ದೇನೆ.
ನಾನು ಲೆಕ್ಕದವನು. ನರಮಂಡಲದ ವಿಷಯ ನನಗೆ ಬಾರದು.
ಮಂಜೂರಾದದ್ದು ಹದಿನೆಂಟು ಲಕ್ಷ, ಬಂದದ್ದು ಏಳು,
ಉಳಿದದ್ದು ದಿಲ್ಲಿಯಲ್ಲಿ ಈ ಹಾಳೆಗಾಗಿ ಕಾದು ಕೂತಿದೆ.
ಇಷ್ಟು ಬಲ್ಲೆ.

ಕಲಂ ನಾಲ್ಕು, ಪ್ರಯೋಗ ಸಾಮಗ್ರಿ:
ಏಡಿ, ನಲವತ್ತೆರಡು. ರಸೀದಿ ಇಲ್ಲ.
ಬೆಳಗಿನ ಐದೂವರೆಗೆ ಶೇವಂತಿ ತಾಂಡೇಲ
ಒದ್ದೆ ಗೋಣಿ ಹೊದೆಸಿದ ಬುಟ್ಟಿ ಇಳಿಸಿ
ಕಾಲು ಕಟ್ಟಿದ ಕುರ್ಲಿಗಳನ್ನು ಎಣಿಸಿಕೊಟ್ಟು ಹೋಗುವವಳು.
ಬಿಲ್ಲು ಕೊಡು ಎಂದರೆ ನಕ್ಕಳು:
"ಸಮುದ್ರ ನನಗೆ ಕೊಟ್ಟಿದೆಯೇನು ಬಿಲ್ಲು?"
ಆಡಿಟರು ಈ ಮಾತನ್ನು ಒಪ್ಪುವುದಿಲ್ಲ.
ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ.

ಡಾಕ್ಟರ್ ಮೈಥಿಲಿ ಗಾಂವಕರ ಒಮ್ಮೆ ಕರೆದು ತೋರಿಸಿದರು:
ಏಡಿಯ ಹೊಟ್ಟೆ ಅರೆಯುವುದಕ್ಕೆ
ಮೂವತ್ತೋ ಏನೋ ನರಕೋಶ, ಅಷ್ಟೇ.
ಸಾಸಿವೆಗಿಂತ ಚಿಕ್ಕ ಗಂಟು. ಮೈಯಿಂದ ಬಿಡಿಸಿ
ಉಪ್ಪುನೀರಿನ ಬಟ್ಟಲಲ್ಲಿಟ್ಟರೂ
ಅರೆಯುತ್ತಲೇ ಇರುತ್ತದೆ, ಇಲ್ಲದ ಊಟವನ್ನು.
ಪರದೆಯ ಮೇಲೆ ಗೆರೆ ಏಳುತ್ತದೆ, ಬೀಳುತ್ತದೆ,
ಇದು ಸುಮ್ಮನಾದಾಗ ಅದು, ಅದು ದಣಿದಾಗ ಮತ್ತೊಂದು.
"ಒಂದನ್ನೊಂದು ತಡೆಯುತ್ತವೆ. ತಡೆದು ತಡೆದೇ ತಾಳ ಹುಟ್ಟುತ್ತದೆ."
ನಮ್ಮ ಇಲಾಖೆಯ ಹಾಗೆ, ಎಂದೆ.
ತಾಳವೊಂದು ಬಾಕಿ.

ಕಲಂ ಏಳು, ಸಹಯೋಗ:
ಗೆರೆಗಳನ್ನು ಅಂಕಿ ಮಾಡುವವನು ಬೊಮ್ಮಯ್ಯ, ಅಂಕೋಲೆಯವ.
ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ;
ಸಂಜೆ ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆದು
ರಾತ್ರಿ ಬೆರಳು ಕಾಯಿಸಿಕೊಳ್ಳುತ್ತ ಇಲ್ಲಿಗೆ ಬರುತ್ತಾನೆ.
ಅಂಕಿಗಳಿಗೆ ಸೂತ್ರ ಹೊಸೆಯುವವಳು ಗುವಾಹಾಟಿಯ ಜುರಿ.
ಸೂತ್ರವನ್ನು ಓಡಿಸುವ ದೊಡ್ಡ ಗಣಕ ಪೋರ್ತೋದಲ್ಲಿ,
ಅಲ್ಲಿಯ ಜನರ ತೆರಿಗೆಯಲ್ಲಿ, ನಡುರಾತ್ರಿ, ನಮಗಾಗಿ.
ಅಲ್ಲಿಂದ ಯಾರೋ ತೆರೆಸಾ ಬರೆದಿದ್ದರು:
ನಿಮ್ಮ ಹದಿನೇಳನೆಯ ಏಡಿ ಯಾವ ಸೂತ್ರಕ್ಕೂ ಕೂರುತ್ತಿಲ್ಲ,
ಅದು ಎಲ್ಲಿಯದೆಂದು ದಯವಿಟ್ಟು ಕೇಳಿ.

ನಾನೇ ಹೋದೆ, ಮೀನುಪೇಟೆಗೆ.
ಶೇವಂತಿ ಕತ್ತಿ ಒರೆಸುತ್ತ ಲೆಕ್ಕ ಹಾಕಿದಳು.
"ಅಮಾಸೆಯ ವಾರದ್ದು ಅದು. ಕದ್ರಾದಲ್ಲಿ ಗೇಟು ತೆಗೆದಿದ್ದರು,
ಸದಾಶಿವಗಡದ ಸೇತುವೆಯ ತನಕ ನೀರು ಸಪ್ಪೆ.
ಸಪ್ಪೆ ನೀರಿನ ಕುರ್ಲಿ ಮಂದ. ಕಚ್ಚುವುದೂ ತಡವಾಗಿ."
ಹಾಗೆಯೇ ಬರೆದು ಕಳಿಸಿದೆವು.
ಮೂರನೆಯ ದಿನ ಉತ್ತರ: ಉಪ್ಪು ತಗ್ಗಿಸಿದೆವು. ಕೂತಿತು.

"ಈ ದುಡ್ಡೆಲ್ಲ ಯಾರದು?" ಕೇಳಿದಳು.
ಸರ್ಕಾರದ್ದು.
"ಸರ್ಕಾರಕ್ಕೆ ಎಲ್ಲಿಂದ?"
ಬಲೆಯ ನೂಲು, ಡೀಸೆಲು, ಬೆಂಕಿಪೊಟ್ಟಣ, ಮಗಳ ಚಪ್ಪಲಿ,
ಬೆರಳು ಮಡಿಸುತ್ತ ಹೋದಳು, ಬೆರಳು ಮುಗಿದವು.
"ಅಂದರೆ ನನ್ನ ಕುರ್ಲಿಯನ್ನು ನಾನೇ ಕೊಂಡ ಹಾಗಾಯಿತಲ್ಲ!
ಒಳಗೆ ಏನು ಸಿಕ್ಕಿತು ಅಂತ ಹೇಳಬಾರದೆ?"

ಕೇಳಿಸಿಕೊಂಡಷ್ಟು ಹೇಳಿದೆ:
ಒಂದೊಂದು ಏಡಿಯಲ್ಲಿ ಒಂದೊಂದು ಕೋಶದ ಪಾಲು ಬೇರೆ ಬೇರೆ,
ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಮ್ಮಿ. ತಾಳ ಮಾತ್ರ ಒಂದೇ.
"ರಾಂಪಣಿ ಎಳೆಯುವಾಗಲೂ ಹಾಗೇ," ಅಂದಳು,
"ಮುದುಕನೂ ಹಗ್ಗ ಹಿಡಿಯುತ್ತಾನೆ, ಹುಡುಗನೂ ಹಿಡಿಯುತ್ತಾನೆ.
ಪಾಲಿನ ಹೊತ್ತಿಗೆ ಮಾತ್ರ..."
ಗಿರಾಕಿ ಬಂದ. ಬಂಗಡೆಯ ದರ ಹೇಳತೊಡಗಿದಳು.

ಪ್ರಬಂಧದಲ್ಲಿ ಆರು ಹೆಸರು. ಅವಳದಿಲ್ಲ.
ಕೃತಜ್ಞತೆಯಲ್ಲಿ: "ಸ್ಥಳೀಯ ಪೂರೈಕೆದಾರರಿಗೆ."

ಮಂಜೂರಾದ ಉದ್ದೇಶಕ್ಕಾಗಿಯೇ ಬಳಸಲಾಗಿದೆ
ಎಂಬ ಸಾಲಿನ ಕೆಳಗೆ ಸೀಲು ಒತ್ತಿದೆ.
ಒಂದು ತಾಳೆಯಾಗುತ್ತಿಲ್ಲ: ಖರೀದಿ ನಲವತ್ತೆರಡು,
ಬಳಕೆ ನಲವತ್ತೊಂದು.
ಷರಾ ಅಂಕಣದಲ್ಲಿ ಬರೆಯಬೇಕು, ಜಾಗ ಎರಡು ಬೆರಳು:
ಕಟ್ಟು ಕಡಿದುಕೊಂಡು, ಬಾಗಿಲ ಸಂದಿಯಿಂದ,
ಅಳಿವೆಯ ಕಡೆಗೆ ಹೋಗಿದೆ.