ಕಚ್ಚುವ ಜಾಗ

ಮೊದಲು ಗೊತ್ತಾದದ್ದು ಅವಳಿಗೆ.
ಅಮರಾತ್ ಏರಿನ ಮೂರನೇ ತಿರುವಿನಲ್ಲಿ
ಎಂಜಿನ್ನು ಕೂಗುತ್ತಿತ್ತು, ಕಾರು ಕೇಳುತ್ತಿರಲಿಲ್ಲ.
‘ಬೆಲ್ಟು ಜಾರಿದ ಮಿಷನ್ನಿನ ಹಾಗಿದೆ’ ಎಂದಳು ಜಲಜಾಕ್ಷಿ,
‘ಚಕ್ರ ತಿರುಗುತ್ತದೆ, ಸೂಜಿ ಇಳಿಯುವುದಿಲ್ಲ.’
ನಾನು ಎಸಿ ಆರಿಸಿದೆ, ಹಾಡು ಆರಿಸಿದೆ,
ಸುಟ್ಟ ವಾಸನೆ ಮುಂದಿನ ಲಾರಿಯದು ಎಂದೆ.

ಲಾರಿ ಇರಲಿಲ್ಲ.

ತಪ್ಪು ನನ್ನದೇ. ಊರಿಗೆ ಹೊರಟ ಫಿಲಿಪಿನೋ ಒಬ್ಬನಿಂದ ಕೊಂಡ
ಪುಟ್ಟ ಹ್ಯಾಚ್‌ಬ್ಯಾಕು, ತರಕಾರಿ ತರುವ ಬಡಪಾಯಿ;
ಅದಕ್ಕೆ ಟರ್ಬೊ ಕಟ್ಟಿಸಿದೆ, ಇಂಟರ್‌ಕೂಲರ್ ತೂಗಿಸಿದೆ,
ಮೂರು ತಿಂಗಳ ಓವರ್‌ಟೈಮು ಸೈಲೆನ್ಸರಿಗೆ ಹೋಯಿತು.
ನೂರ ಎಪ್ಪತ್ತು ನ್ಯೂಟನ್ ಮೀಟರಿನ ಜೀವಕ್ಕೆ
ಇನ್ನೂರ ತೊಂಬತ್ತು ತುಂಬಿದೆ.
ಕ್ಲಚ್ಚು ಮಾತ್ರ ಕಂಪನಿಯದೇ,
ಹಳೆಯ ಸಂಬಳಕ್ಕೆ ಹೊಸ ಕೆಲಸ ಮಾಡುವ ಗುಮಾಸ್ತ.
ಎತ್ತು ಏರಿಗೆ, ಕೋಣ ನೀರಿಗೆ.

ವಾದಿ ಕಬೀರಿನ ಗ್ಯಾರೇಜು. ಸಂಜೆ ಆರಕ್ಕೂ
ತಗಡು ಮುಟ್ಟುವ ಹಾಗಿಲ್ಲ. ಅದ್ರಾಮಾಕ
ಕಾರ್ಟನ್ ಹರಿದು ಹಾಸಿ ಮೂರು ತಟ್ಟೆ ಇಟ್ಟರು,
ಊಟಕ್ಕೆ ಕೂರಿಸುವವರ ಹಾಗೆ.
ಒಂದು ಕಂದು, ಸ್ಪ್ರಿಂಗಿನದು, ಮೆತ್ತಗೆ ಹಿಡಿಯುವಂಥದ್ದು.
ಒಂದು ಹಳದಿ, ಕೆವ್ಲಾರ್.
ಕೊನೆಯದು ಆರು ದಳದ ಸೆರಾಮಿಕ್,
ನಡುವೆ ಸ್ಪ್ರಿಂಗೇ ಇಲ್ಲ.

ನನ್ನ ಕೈ ತಾನಾಗಿ ಅದಕ್ಕೇ ಹೋಯಿತು.
ಸೆರಾಮಿಕ್ ನನ್ನ ಅನ್ನ. ರೂವಿಯ ಲ್ಯಾಬಿನಲ್ಲಿ
ಹನ್ನೊಂದು ವರ್ಷದಿಂದ, ಮುಖ ಕಾಣದವರ ಬಾಯಿಗೆ
ಹಲ್ಲು ಬೇಯಿಸುತ್ತಿದ್ದೇನೆ.
ಅದರ ಗಟ್ಟಿತನ ನನಗೆ ಹೇಳಿಕೊಡಬೇಕೆ?

‘ಗಟ್ಟಿ ಸರಿ ಮಾರಾಯ,’ ಎಂದರು ಅದ್ರಾಮಾಕ,
‘ಎದುರಿನ ಹಲ್ಲು ಯಾರದು?’

ಸುಮ್ಮನಾದೆ. ಗೊತ್ತಿದ್ದ ಮಾತು.
ಪಾಲಿಶ್ ಕೆಟ್ಟ ಪಿಂಗಾಣಿ ಹಲ್ಲು ತಾನು ಸವೆಯುವುದಿಲ್ಲ,
ಎದುರಿನದನ್ನು ತಿನ್ನುತ್ತದೆ. ಇಲ್ಲಿ, ಫ್ಲೈವೀಲನ್ನು.
‘ಇದಕ್ಕೆ ಹಿಡಿ, ಬಿಡು, ಎರಡೇ ಗೊತ್ತು.
ಇನ್ನು ಪೆಡಲ್ಲು. ಸಲಾಲಾ ರೋಡಲ್ಲಿ ಇಪ್ಪತ್ತು ವರ್ಷ
ಟ್ರೈಲರ್ ತುಳಿದ ಕಾಲು ನೋಡು’
ಎನ್ನುತ್ತ ಎಡಗಾಲಿನ ಪ್ಯಾಂಟು ಮಡಚಿದರು.
ಮೊಣಕಾಲಿನ ಮೇಲೆ ಗೇಣುದ್ದ ಹೊಲಿಗೆ.
‘ಯಾರೆಲ್ಲ ಓಡಿಸ್ತಾರೆ ಇದನ್ನು?’

‘ನಾನೂ’ ಎಂದಳು ಜಲಜಾಕ್ಷಿ.
ಡ್ರಮ್ಮುಗಳ ನಡುವೆ ರಿವರ್ಸು ಪಾಸು,
ಏರಿನಲ್ಲಿ ನಿಲ್ಲಿಸಿ ಹೊರಡುವುದು ಎರಡು ಸಲ ಫೇಲು,
ಮೂರನೆಯದು ಮುಂದಿನ ತಿಂಗಳ ಹನ್ನೆರಡಕ್ಕೆ.

ಗಿರಾಕಿಗಳ ಎರಡು ಕಾರು ನಿಂತಿದ್ದವು. ತುಳಿದು ನೋಡಿ, ಎಂದರು.
ಸೆರಾಮಿಕ್ಕಿನದರಲ್ಲಿ ನಾನು ಕೂತೆ, ಬಿಟ್ಟೆ.
ಕಾರು ಹೋತದಂತೆ ನೆಗೆದು ಗಪ್ಪಾಯಿತು.
ಹುಡುಗರು ಸ್ಪ್ಯಾನರ್ ಕೆಳಗಿಟ್ಟು ನಕ್ಕರು.
ಅವಳು ಚಪ್ಪಲಿ ಬಿಚ್ಚಿ ಇನ್ನೊಂದಕ್ಕೆ ಹತ್ತಿದಳು.
ಹದಿನಾರನೇ ವಯಸ್ಸಿನಿಂದ ಮಿಷನ್ ತುಳಿದ ಕಾಲು;
ಯಾರದೋ ಅಬಾಯಾದ ಅಂಚಿನಲ್ಲಿ
ಅರ್ಧ ಹೊಲಿಗೆಗೆ ಸೂಜಿ ನಿಲ್ಲಿಸಬಲ್ಲ ಕಾಲು.
ಬಿಡುತ್ತ ಬಿಡುತ್ತ ಒಂದು ಕಡೆ ತಡೆದಳು.
ಕಾರು ಹೋಗಲಿಲ್ಲ, ಸುಮ್ಮನೆ ನಿಲ್ಲಲೂ ಇಲ್ಲ,
ಬಾನೆಟ್ಟು ಒಂದಿಷ್ಟೇ ಮೂಗೆತ್ತಿತು.
‘ಇಲ್ಲಿ ಕಚ್ಚುತ್ತದೆ’ ಎಂದಳು.

ನೀಲಿ ಕಾಗದ ಇಟ್ಟು ದಿನವಿಡೀ
ನಾನು ಹುಡುಕುವುದೂ ಅದನ್ನೇ.

ಕಂದು ತಟ್ಟೆ, ಮೇಲೊಂದು ಗಡುಸು ಪ್ರೆಶರ್ ಪ್ಲೇಟು,
ನೂರ ಹದಿನೆಂಟು ರಿಯಾಲು, ಕೂಲಿ ಬೇರೆ.
ಬೂಸ್ಟು ಕಾಲುಭಾಗ ಇಳಿಸಬೇಕು, ಅದು ನನ್ನ ಪಾಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು
ಇಷ್ಟು ಖರ್ಚು ಮಾಡಿ ಕಲಿತವರು ಕಡಿಮೆ.

‘ಎಂಟುನೂರು ಕಿಲೋಮೀಟರು ಮೆಲ್ಲಗೆ.
ತಟ್ಟೆಗೆ ತಟ್ಟೆ ಒಗ್ಗಬೇಕು. ಟರ್ಬೊ ಇದೆ ಅಂತ
ನೆನಪೂ ಮಾಡಬೇಡ.’

ರಾತ್ರಿ ಹತ್ತರ ಮೇಲೆ ಹೊರಡುತ್ತೇವೆ.
ಮತ್ರಾ, ದಾರ್ಸೈತ್, ಮತ್ತೆ ಮತ್ರಾ.
ಮೀನಿನ ಪಿಕಪ್ಪುಗಳೂ ನಮ್ಮನ್ನು ಹಿಂದೆ ಹಾಕುತ್ತವೆ.
ಅವಳ ಅಳತೆ ಪುಸ್ತಕದಲ್ಲಿ, ಯಾರದೋ ತೋಳು ಸೊಂಟಗಳ ಪಕ್ಕ,
ಇವತ್ತಿಗೆ ಮುನ್ನೂರ ಹನ್ನೆರಡು.

ಏರಿನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದು
ಹಿಂದಿನವನು ಹಾರ್ನ್ ಹೊಡೆಯುತ್ತಾನೆ.
ಪಕ್ಕದ ಸೀಟಿನಲ್ಲಿ ಅವಳ ಎಡಗಾಲು
ಬರೀ ಮ್ಯಾಟಿನ ಮೇಲಿಂದ ಮೆಲ್ಲಗೆ ಏಳುತ್ತದೆ,
ಒಂದು ಕಡೆ ತಡೆಯುತ್ತದೆ.
ಅದನ್ನು ನೋಡಿ ನಾನು ಬಿಡುತ್ತೇನೆ.