ಮಸಿಗೆನ್ನೆ

ಗೇಟು ಬಿದ್ದಾಗ ವ್ಯಾಪಾರ, ಗೇಟು ಎದ್ದಾಗ ಓದು.
ಅಶೋಕ ಟಾಕೀಸಿನ ಪಕ್ಕ ರೈಲು ಹಾದುಹೋಗುವಷ್ಟರಲ್ಲಿ
ಇಪ್ಪತ್ತು ಪೊಟ್ಟಣ ಖಾರ ಮಂಡಕ್ಕಿ, ಮೇಲೊಂದೊಂದು ಮಿರ್ಚಿ.
ಆಮೇಲೆ ಧೂಳು, ನಾನು, ಮತ್ತು ಅವನು.

ರದ್ದಿ ಉಚ್ಚೆಂಗಪ್ಪ ಕಿಲೋ ಲೆಕ್ಕದಲ್ಲಿ ತೂಗಿಕೊಟ್ಟ ಕಟ್ಟಿನಲ್ಲಿ
ಬಂದಿದ್ದ, ಚೀನಾದಿಂದ.
ರಟ್ಟಿಲ್ಲ, ಮೊದಲ ಹಾಳೆಯಿಲ್ಲ,
ಹೆಸರಿದ್ದ ಜಾಗದಲ್ಲೆಲ್ಲ ಗೆದ್ದಲು ಊಟ ಮುಗಿಸಿತ್ತು.
ಕೆನ್ನೆಗೆ ಮಸಿಯಲ್ಲಿ ಅಪರಾಧ ಚುಚ್ಚಿ ಗಡಿಪಾರು ಮಾಡಿದ್ದರಂತೆ;
ಮಸಿಗೆನ್ನೆ ಅಂತ ನಾನೇ ಕರೆದೆ.
ಭಟ್ಟಿಯಲ್ಲಿ ಹೊಟ್ಟು ಸುಡುವ ಅಬ್ಬಾನ ಮುಖಕ್ಕೂ
ಅಂಥದೇ ಗುರುತು. ಯಾವ ಕೋರ್ಟೂ ಬರೆಸದ್ದು.

ಹೊಲಿಗೆ ಬಿಚ್ಚಿ ಕತೆ ಹಿಂದುಮುಂದು.
ಸೋಮವಾರ ಅವನು ಸತ್ತ.
ಬುಧವಾರ, ಹಿಮ ಬಿದ್ದ ಕಣಿವೆಯಲ್ಲಿ, ಸುಂಕದ ಅಕ್ಕಿಮೂಟೆ ಹರಿದು
ಊರಿಗೆಲ್ಲ ಸೇರಿನಲ್ಲಿ ಅಳೆದ.
ಶುಕ್ರವಾರ ಇನ್ನೂ ಗುಮಾಸ್ತ, ನಡು ಬಗ್ಗಿಸಿ
ಮಾಲೀಕರ ಕಳ್ಳಲೆಕ್ಕಕ್ಕೆ ಅಂದವಾದ ಅಕ್ಷರ ಕೂಡಿಸುತ್ತಿದ್ದ,
ತನಗೇನು ಕಾದಿದೆ ಗೊತ್ತಿಲ್ಲದೆ.
ನನಗೆ ಗೊತ್ತಿತ್ತು. ಹೇಳೋದು ಹೇಗೆ?
ಪ್ರತಿ ಪುಟಕ್ಕೂ ಗಿರಾಕಿ ಬರುವ ತನಕವಷ್ಟೇ ಆಯುಷ್ಯ.

ಹವಾಲ್ದಾರ್ ಬಕ್ಕೇಶಪ್ಪ ದುಡ್ಡು ಕೊಡುವವನಲ್ಲ.
ಲಾಠಿಯಿಂದ ಗಾಡಿಯ ಗಾಲಿಗೆ ಎರಡು ತಟ್ಟಿದರೆ
ಅದೇ ಬಿಲ್ಲು, ಅದೇ ರಸೀದಿ.
ಆ ಸಂಜೆ ಬೇಕಂತಲೇ ಸುತ್ತಿಕೊಟ್ಟೆ,
ಸುಂಕದ ದಳಪತಿಯನ್ನು ಮಸಿಗೆನ್ನೆ
ಅವನದೇ ತಕ್ಕಡಿಗೆ ತಲೆಕೆಳಗಾಗಿ ಕಟ್ಟಿ ತೂಗಿದ ಪುಟ.

ತಿಂದ. ಬೆರಳು ನೆಕ್ಕಿದ. ಎಸೆಯಲು ಎತ್ತಿದ ಕೈ ಅಲ್ಲೇ ನಿಂತಿತು.
ಬೀದಿದೀಪಕ್ಕೆ ಹಿಡಿದ. ಎಣ್ಣೆ ಕುಡಿದ ಕಾಗದದಲ್ಲಿ
ಆಚೆ ಬದಿಯ ಸಾಲು ಈಚೆ ಬದಿಯ ಸಾಲನ್ನು ತುಳಿಯುತ್ತಿತ್ತು.
ಒಂದು ರೈಲು ಹೋಯಿತು. ಗೂಡ್ಸೂ ಹೋಯಿತು.
ಈರುಳ್ಳಿ ಹೆಚ್ಚುತ್ತಲೇ ಇದ್ದೆ, ಯಾರೂ ಕೇಳದ ಈರುಳ್ಳಿ.

"ಲೇ ಚಮನ್‌ಸಾಬ್, ಮುಂದಿನ ಹಾಳಿ ಎಲ್ಲೈತಲೇ?"
"ಅದು ಮೊನ್ನೇನೇ ಹೋತು ಸಾಹೇಬ್ರ,
ಯಾರೋ ಹರಿಹರದ ಬಸ್ಸಿನವ್ರು ಒಯ್ದ್ರು."

ಅವತ್ತಿನಿಂದ ದಿನಾ ಬಂದ. ಬಿಟ್ಟಿ ತಿನ್ನೋದು ಬಿಡಲಿಲ್ಲ.
ಗಾಲಿಗೆ ತಟ್ಟೋದು ಮಾತ್ರ ಮರೆತ.

ಒಂದು ಹಾಳೆ ಯಾರಿಗೂ ಕಟ್ಟಿಕೊಡಲಿಲ್ಲ,
ಅವನಿಗೂ.
ಚಕ್ರವರ್ತಿಯ ಕ್ಷಮಾಪತ್ರ ಬಂದಿದೆ.
ಹಳದಿ ರೇಷ್ಮೆಯ ಸುರುಳಿ ಹಿಡಿದು ದೂತ ಬೆಟ್ಟದ ಬುಡದಲ್ಲಿ;
ಮೇಲೆ, ಬಂಡೆಯ ಮರೆಯಲ್ಲಿ, ಮಸಿಗೆನ್ನೆ
ಒದ್ದೆ ಬಟ್ಟೆಯಿಂದ ಕೆನ್ನೆ ತಿಕ್ಕುತ್ತಿದ್ದಾನೆ,
ಇಷ್ಟು ವರ್ಷದ ಮೇಲೆ ಹೋದರೂ ಹೋದೀತು ಅನ್ನುವ ಹಾಗೆ.

ಸೋಮವಾರದ ಪುಟ ಓದಿದವನು ನಾನು.
ಆ ರೇಷ್ಮೆಯ ಹಿಂದೆಯೇ ಬರುವ ಬಟ್ಟಲಲ್ಲಿ ಏನಿದೆ ಬಲ್ಲೆ.
ಇಳೀಬ್ಯಾಡಲೇ, ಅಂದೆ. ಪಕ್ಕದ ಹಣ್ಣಿನ ಗಾಡಿಯವ ತಿರುಗಿ ನೋಡಿದ.
ನಾಲ್ಕು ಮಡಿಕೆ ಮಡಚಿ ಮಂಡಕ್ಕಿ ಚೀಲದ ತಳಕ್ಕಿಟ್ಟೆ.

ರಾತ್ರಿ ಅಬ್ಬಾ ಭಟ್ಟಿಯಿಂದ ಬಂದು ಮುಖ ಉಜ್ಜಿದ,
ಸೋಪು ಕರಗುವವರೆಗೂ ಉಜ್ಜಿದ.
ಕಿವಿಯ ಹಿಂದೆ ಹಾಗೇ ಇತ್ತು.
"ಚೀಲದಾಗೆ ಏನೋ ಅದು?"
"ರದ್ದಿ, ಅಬ್ಬಾ."